ಬನ್ನಿ ಇಲ್ಲದ ದೇಶದ ಜನರಲ್

ದಸರೆ ಹತ್ತಿರ ಬಂತೆಂದರೆ ಲಕ್ಷ್ಮೇಶ್ವರದ ಪೇಟೆಯೆಲ್ಲ ಹಸಿ ಶೇಂಗಾದ ವಾಸನೆ ಹೊಡೆಯುತ್ತಿದ್ದ ಕಾಲ ಅದು. ಹೊಲದಿಂದ ಬಂದ ಚಕ್ಕಡಿಗಳು ಅಡತಿ ಅಂಗಡಿಗಳ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದವು. ಮಣ್ಣು ಮೆತ್ತಿದ ಶೇಂಗಾ, ಎತ್ತಿನ ಸಗಣಿ, ಹಳೆಯ ಗೋಣಿಚೀಲ ಎಲ್ಲ ಬೆರೆತ ಆ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ, ನಿಮಗೆಲ್ಲ ಬಾಯಲ್ಲಿ ನೀರೂರಬಹುದು, ನನಗೆ ಎದೆ ಝಲ್ಲೆನ್ನುತ್ತದೆ. ಯಾಕೆಂದರೆ ನಮ್ಮ ಮನೆಗೆ ಆ ವಾಸನೆಯ ಹಿಂದೆಯೇ ಒಬ್ಬ ಸತ್ತ ಜನರಲ್ ಬರುತ್ತಿದ್ದ. ನಗಬೇಡಿ. ನಿಮ್ಮ ಮನೆಗಳಿಗೆ ಗುಮ್ಮ ಬರುತ್ತಿದ್ದಿರಬಹುದು, ನಮ್ಮಲ್ಲಿಗೆ ಹಂಗೇರಿ ದೇಶದ ಜನರಲ್ ಬರುತ್ತಿದ್ದ. ಅವನನ್ನು ಕರೆತಂದವನು ನನ್ನ ಅಪ್ಪನ ತಮ್ಮ, ಫಕೀರಪ್ಪ ಕಾಕಾ.

ನಮ್ಮದು ಸಣ್ಣ ಅಡತಿ. ರೈತರ ಮಾಲು ಇಳಿಸಿಕೊಂಡು, ತೂಗಿ, ಮಾರಿಕೊಡುವ ಅಂಗಡಿ ಮುಂದೆ, ಮನೆ ಹಿಂದೆ. ಮನೆಯ ತುದಿಗೆ ಖಾಲಿ ಚೀಲ ಒಟ್ಟುವ ಒಂದು ಕೋಣೆ ಇತ್ತು. ಕಾಕಾ ಇರುತ್ತಿದ್ದುದು ಅಲ್ಲಿ. ಓಣಿಗೆ ತೆರೆದ ಒಂದು ಕಿಟಕಿ, ಅದರ ಬದಿಗೆ ಮಲಗಲು ಒಂದು ಹೊರಸು. ಧಾರವಾಡದಲ್ಲಿ ಇತಿಹಾಸ ಓದಲು ಹೋಗಿ ಅರ್ಧಕ್ಕೆ ಬಿಟ್ಟು ಬಂದವನು ಅವನು. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಅವನು ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದ. ಕ್ಷೌರದವರು ಮನೆಗೇ ಬರುತ್ತಿದ್ದರು. ಓಣಿಯಲ್ಲಿ ಯಾರಾದರೂ ಚೀಲ ಹೊರುವ ಹಮಾಲರು ಮಾತಾಡುತ್ತ ಹೋದರೆ ಕಾಕಾ ಕಿಟಕಿಯಿಂದ ಹಿಂದೆ ಸರಿದು ಗೋಡೆಗೆ ಬೆನ್ನು ಹಚ್ಚಿ ನಿಲ್ಲುತ್ತಿದ್ದ. ಎಲ್ಲರ ಮನೆಯಲ್ಲೂ ಹೀಗೆ ಒಳಗೇ ಇರುವ ಒಬ್ಬ ಕಾಕಾ ಇರುತ್ತಾನೆಂದು ನಾನು ತಿಳಿದಿದ್ದೆ.

ಸಂಜೆಗೆ ಕರೆಂಟು ಹೋಗುವುದು ಕಾಯಂ. ಆಯಿ ಕಂದೀಲು ಹಚ್ಚಿ, ನನ್ನನ್ನು ಮುಂದೆ ಕೂಡಿಸಿಕೊಂಡು ತಲೆಗೆ ಎಣ್ಣೆ ತಿಕ್ಕುವಳು. ಆಯಿ ಎಂದರೆ ಅಪ್ಪನ ತಾಯಿ. ಕಾಕಾ ಕೋಣೆಯ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕುಳಿತು ಕಥೆ ಹೇಳುವನು. ಬೇರೆ ಮಕ್ಕಳಿಗೆ ರಾಜಕುಮಾರನ ಕಥೆ ಸಿಗುತ್ತಿದ್ದರೆ ನನಗೆ ಒಂದೇ ಕಥೆ, ಕಂತು ಕಂತಾಗಿ, ಮಳೆಗಾಲ ಪೂರ್ತಿ. ಜನರಲ್‌ನ ಹೆಸರು ಏನೆಂದು ಕೇಳಿದರೆ, "ಅದು ನಮ್ಮ ಬಾಯಾಗ ಹೊಳ್ಳಂಗಿಲ್ಲವಾ, ಬಿಡು, ಜನರಲ್ ಅನ್ನು ಸಾಕು" ಎನ್ನುತ್ತಿದ್ದ.

"ಆ ಜನರಲ್ ಮೊದಲ ಸೈನ್ಯದಾಗ ಇದ್ದ. ಅದು ಬ್ಯಾಸರಾತು, ಬಿಟ್ಟ. ರಸಾಯನಶಾಸ್ತ್ರ ಓದಾಕ ಹೋದ. ಎದರ ಮೇಲೆ ಓದಿದ ಹೇಳು ನೋಡೂಣು?"

"ಎದರ ಮೇಲೆ?"

"ನಿಮ್ಮಾಯಿ ಈಗ ನಿನ್ನ ತಲಿಗೆ ಸುರುವಾಕತ್ತಾಳಲ್ಲ, ಅದರ ಮೇಲೆ. ಕೊಬ್ಬರಿ ಎಣ್ಣಿ."

ಆಯಿಗೆ ಅವತ್ತು ಜನರಲ್ ಮೇಲೆ ಅಭಿಮಾನ ಹುಟ್ಟಿತು. "ಹಂಗಾರ ನಮ್ಮಾವನ ಅಂವ" ಎಂದಳು. ಅಲ್ಲಿಯವರೆಗೆ ಅವಳು ಈ ಕಥೆಯನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಆಮೇಲೆ ಅವನ ದೇಶಕ್ಕೆ ದೇಶವೇ ತನ್ನನ್ನು ಆಳುತ್ತಿದ್ದ ಚಕ್ರವರ್ತಿಯ ಮೇಲೆ ತಿರುಗಿಬಿತ್ತು. ಎಣ್ಣೆ ಕಾಯಿಸುತ್ತ ಕೂತವನು ಮತ್ತೆ ಕತ್ತಿ ಹಿಡಿದ. ಆಗ ಅವನಿಗೆ ಮೂವತ್ತು ವರ್ಷ, ಹೆಚ್ಚಲ್ಲ. ಚಳಿಯಲ್ಲಿ, ಹಿಮದಲ್ಲಿ, ಹರಕು ಬೂಟಿನ ಹುಡುಗರನ್ನು ಕಟ್ಟಿಕೊಂಡು ಬೆಟ್ಟ ಹತ್ತಿಳಿದು, ಚಳಿ ಮುಗಿಯುವ ಹೊತ್ತಿಗೆ ಚಕ್ರವರ್ತಿಯ ದಂಡನ್ನು ಹಿಂದಕ್ಕೆ ಅಟ್ಟಿದ. ಒಂದು ಕಾಳಗದಲ್ಲಿ ತಲೆಗೆ ದೊಡ್ಡ ಪೆಟ್ಟು ಬಿತ್ತು. ತಲೆಗೆ ಬಟ್ಟೆ ಸುತ್ತಿಕೊಂಡೇ ಕುದುರೆ ಹತ್ತಿದ. ಇಲ್ಲಿಯವರೆಗೆ ಹೇಳುವಾಗ ಕಾಕಾನ ದನಿ ಗಟ್ಟಿಯಾಗಿರುತ್ತಿತ್ತು. ಕೈಗಳು ಆಡುತ್ತಿದ್ದವು. ನಾನು ಮರುದಿನ ಶೇಂಗಾದ ಚೀಲದ ರಾಶಿ ಹತ್ತಿ, ತಲೆಗೆ ಅಪ್ಪನ ಟವೆಲ್ ಸುತ್ತಿಕೊಂಡು, ಓಣಿಯ ಹುಡುಗರನ್ನೆಲ್ಲ ಚಕ್ರವರ್ತಿಯ ದಂಡು ಮಾಡಿ ಕೆಳಗೆ ದಬ್ಬುತ್ತಿದ್ದೆ.

ಆಮೇಲೆ ರಷ್ಯಾದ ರಾಜ ಚಕ್ರವರ್ತಿಯ ಸಹಾಯಕ್ಕೆ ಬಂದ. ಇರುವೆಯ ಸಾಲು ಮುಗಿದರೂ ಅವನ ದಂಡು ಮುಗಿಯುತ್ತಿರಲಿಲ್ಲವಂತೆ. ದೇಶದ ದೊಡ್ಡ ಮುಂದಾಳು ಅಧಿಕಾರವನ್ನೆಲ್ಲ ಜನರಲ್‌ನ ಕೈಗೆ ಇಟ್ಟು ಗಡಿ ದಾಟಿ ಓಡಿಹೋದ. ಉಳಿದದ್ದು ಹಸಿದ ಸೈನ್ಯ, ಸುತ್ತಲೂ ವೈರಿಗಳ ತೋಪು. ಜನರಲ್ ಒಂದು ದಿನ ವಿಚಾರ ಮಾಡಿ ಶಸ್ತ್ರ ಕೆಳಗಿಡಿಸಿದ.

"ಸೈನಿಕರು ಅತ್ತರವಾ. ಕತ್ತಿ ಮೊಣಕಾಲಿಗೆ ಹಚ್ಚಿ ಮುರಿದ್ರು. ಕುದರಿ ವೈರಿ ಕೈಯಾಗ ಹೋಗಬಾರದು ಅಂತ ಒಂದಿಷ್ಟು ಮಂದಿ ತಮ್ಮ ಕುದರಿಗೆ ತಾವ ಗುಂಡ ಹಾಕಿದ್ರು."

ನಾನು ಕುದುರೆಗಳಿಗಾಗಿ ಅತ್ತೆ. ಆಯಿ, "ಸಣ್ಣ ಹುಡುಗಿ ಮುಂದ ಇವೆಲ್ಲ ಯಾಕ ಹೇಳತಿ ಫಕೀರಾ" ಎಂದು ಗದರಿದಳು. ಕಾಕಾ ನಿಲ್ಲಿಸಲಿಲ್ಲ. ಜನರಲ್‌ನ ಜೊತೆಗಿದ್ದ ಹದಿಮೂರು ಮಂದಿ ದಂಡನಾಯಕರನ್ನು ಚಕ್ರವರ್ತಿಯ ಕಡೆಯವರು ಒಂದೇ ಮುಂಜಾನೆ ಕೊಂದರು. ಕೆಲವರಿಗೆ ಗುಂಡು, ಉಳಿದವರಿಗೆ ಗಲ್ಲು. ಇವನನ್ನು ಮಾತ್ರ ಮುಟ್ಟಲಿಲ್ಲ. ರಷ್ಯಾದ ರಾಜ ಇವನ ಜೀವ ಬೇಡಿಕೊಂಡಿದ್ದ.

"ಗಡಿಯಾಚೆ ಓಡಿ ಹೋದಾವ ಅಲ್ಲಿಂದ ಖಬರ ಕಳಿಸಿದ, ಇಂವ ದ್ರೋಹಿ ಅಂತ. ದೇಶ ಪೂರ್ತಿ ನಂಬ್ತು. ಓಡಿದಾವ ದೊಡ್ಡಾವ ಆದ, ನಿಂತಾವ ದ್ರೋಹಿ ಆದ."

"ಮುಂದ?"

"ಮುಂದೇನೈತಿ. ಬದುಕಿದ."

ಪ್ರತಿ ಸಲ ಕಥೆ ನಿಲ್ಲುತ್ತಿದ್ದುದು ಅಲ್ಲೇ. ಪರದೇಶದ ಊರೊಂದರಲ್ಲಿ ಕಾವಲಿನಲ್ಲಿ ವರ್ಷಗಟ್ಟಲೆ ಇದ್ದ, ಆಮೇಲೆ ಬಿಟ್ಟರು, ದೊಡ್ಡ ನದಿಯ ದಂಡೆಯ ಮೇಲೆ ತಮ್ಮನ ಮನೆಯಲ್ಲಿ ತೊಂಬತ್ತು ದಾಟುವ ತನಕ ಬದುಕಿದ. ಇಷ್ಟನ್ನು ಕಾಕಾ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದ. ನನ್ನನ್ನು ಕಾಡುತ್ತಿದ್ದುದು ಆ ಭಾಗವೇ. ಮೂವತ್ತರಿಂದ ತೊಂಬತ್ತರವರೆಗೆ ಒಬ್ಬ ಮನುಷ್ಯ ದಿನಾಲೂ ಏನು ಮಾಡಿದ? ಒಮ್ಮೆ ಕೇಳಿಯೂ ಬಿಟ್ಟೆ. "ಕಿಟಕಿ ಮುಂದ ಕುಂಡ್ರತಿದ್ದ. ಹೊತ್ತು ಮುಳುಗಿತಂದ್ರ ಅವರು ಬರತಿದ್ರು" ಎಂದ ಕಾಕಾ. ಯಾರು? "ಅವನ ಮಂದಿ. ಬಂದು ಸುತ್ತ ನಿಂತು ಸುಮ್ಮ ಅವನ್ನ ನೋಡತಿದ್ರು."

ಅವತ್ತಿನಿಂದ ಹೊತ್ತು ಮುಳುಗಿದ ಮೇಲೆ ನಾನು ಚೀಲದ ಕೋಣೆಯ ಕಡೆ ಒಬ್ಬಳೇ ಹೋಗಲಿಲ್ಲ. ಗೋಡೆಗೆ ಒರಗಿಸಿದ ಮಡಚಿದ ಗೋಣಿಗಳು ಅರೆಗತ್ತಲಲ್ಲಿ ಮನುಷ್ಯರ ಹಾಗೆ ಕಾಣುತ್ತಿದ್ದವು. ಒಳಗೆ ಕಾಕಾ ಮೆಲ್ಲಗೆ ಯಾರ ಜೊತೆಗೋ ಮಾತಾಡುವುದು ಕೇಳಿಸುತ್ತಿತ್ತು. ಜನರಲ್‌ನ ಮಂದಿಯೇ ಬಂದಿದ್ದಾರೆಂದು ನಾನು ನಂಬಿದ್ದೆ. ಆದರೆ ಕಾಕಾ ಕರೆಯುತ್ತಿದ್ದ ಹೆಸರು ಹಂಗೇರಿಯದಾಗಿರಲಿಲ್ಲ. "ನಿಂಗಪ್ಪಾ" ಎನ್ನುತ್ತಿದ್ದ.

ನಿಂಗಪ್ಪ ಯಾರೆಂದು ಆಯಿ ಹೇಳಿದಳು. ಕಡಲೆ ಬೇಯಿಸುತ್ತ, ಒಲೆಯ ಮುಂದೆ, ದನಿ ತಗ್ಗಿಸಿ. ನಾನು ಇನ್ನೂ ಬಾಯಲ್ಲಿ ಬೆರಳಿಟ್ಟುಕೊಂಡು ತಿರುಗುತ್ತಿದ್ದಾಗ ನಡೆದದ್ದು ಅದು. ಆಗ ಪೇಟೆಯಲ್ಲಿ ನೂರು ಕಿಲೋ ಚೀಲ. ಹಮಾಲರು ಅದನ್ನು ಬೆನ್ನ ಮೇಲೆ ಹೊತ್ತು ಹಲಗೆ ಹತ್ತಿ ಲಾರಿಗೆ ಏರಿಸಬೇಕು. ಕಾಕಾ ನಮ್ಮ ಅಂಗಡಿಯಲ್ಲಿ ತೂಕಕ್ಕೆ ನಿಲ್ಲುತ್ತಿದ್ದ. ಅವನ ಕಣ್ಣ ಮುಂದೆಯೇ ಒಬ್ಬ ಹುಡುಗನ ಬೆನ್ನುಮೂಳೆ ಮುರಿದು ಅವನು ಮತ್ತೆ ಏಳಲಿಲ್ಲ. ಹಮಾಲರೆಲ್ಲ ಸೇರಿ, ಚೀಲ ಅರ್ಧಕ್ಕಿಳಿಸುವ ತನಕ ಯಾರೂ ಎತ್ತುವುದಿಲ್ಲ ಎಂದು ಗುಡಿಯ ಮುಂದೆ ಭಂಡಾರ ಮುಟ್ಟಿ ಆಣೆ ಮಾಡಿದರು. ನಮ್ಮ ಕಡೆ ಬೇವಿನ ಗಿಡದ ಕೆಳಗೆ, ಬಾವಿಯ ಕಟ್ಟೆಯ ಮೇಲೆ ಎಷ್ಟು ಬೇಕಾದರೂ ಸುಳ್ಳು ಹೇಳಬಹುದು. ದೇವರ ಅರಿಷಿಣಪುಡಿ ಮುಟ್ಟಿದ ಮೇಲೆ ಹೇಳುವಂತಿಲ್ಲ. ಅಡತಿಯವರ ಮಗನಾದ ಕಾಕಾನೂ ಮುಟ್ಟಿದ. ಅವನನ್ನೇ ಮುಂದೆ ಮಾಡಿದರು. ಅವನ ಬಲಗಡೆ ನಿಂತವನು ನಿಂಗಪ್ಪ, ಕಾಕಾನ ಜೀವದ ಗೆಳೆಯ.

"ಸುಗ್ಗಿ ಕಾಲ. ಚೀಲ ಅಂಗಳದಾಗ ಮಳಿ ಉಂಡು ಮೊಳಕಿ ಬಂದ್ವು. ಹಮಾಲರ ಮನ್ಯಾಗ ಒಲಿ ಹತ್ತಲಿಲ್ಲ. ಕಡಿಗೆ ಪೊಲೀಸರು ಬಂದೂಕ ಹಿಡಕೊಂಡು ಸಾಲಿನ ತುದಿಗೆ ನಿಂತ್ರು. ಇಂವ ನೋಡಿದ, ಹೆಣ ಬೀಳತಾವ ಅಂತ ಅನಿಸ್ತು. ಯಾರನೂ ಕೇಳಲಿಲ್ಲ. ಒಬ್ಬನ ಅಡತಿಯವರ ಕಡೆ ಹೋಗಿ, ಆತ್ರಿ, ಎತ್ತತೀವಿ, ಯಾರನೂ ಕೆಲಸದಿಂದ ತಗೀಬ್ಯಾಡ್ರಿ ಅಂತ ಮಾತು ಕೊಟ್ಟು ಬಂದ."

ಹಮಾಲರು ಚೀಲ ಎಳೆಯುವ ಕಬ್ಬಿಣದ ಕೊಕ್ಕೆಗಳನ್ನು ಅವನ ಕಾಲ ಬುಡದಲ್ಲಿ ಎಸೆದರಂತೆ. ಮರುದಿನ ಕೆಲಸಕ್ಕೆ ಹೋದರೆ, ಮುಂದೆ ನಿಂತಿದ್ದ ಯಾರಿಗೂ ಯಾವ ಅಂಗಡಿಯ ಬಾಗಿಲೂ ತೆರೆಯಲಿಲ್ಲ. ಕಾಕಾನನ್ನು ಮಾತ್ರ ಅಡತಿಯವರು ಏನೂ ಅನ್ನಲಿಲ್ಲ. ಆಗಿನ್ನೂ ಬದುಕಿದ್ದ ಅಜ್ಜ ಮೊದಲೇ ಹೋಗಿ ಅವರಿಗೆ ಕೈಮುಗಿದು ಬಂದಿದ್ದ. ಉಳಿದವರು ಊರು ಬಿಟ್ಟರು. ನಿಂಗಪ್ಪ ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋದ. ಹಬ್ಬಕ್ಕೊಮ್ಮೆ ಬರುತ್ತಿದ್ದ. ಒಂದು ವರ್ಷ ಹಬ್ಬಕ್ಕಿಂತ ಮೊದಲೇ ಬಂದ, ಟೆಂಪೋದಲ್ಲಿ, ಬಟ್ಟೆ ಸುತ್ತಿದ ಹೆಣವಾಗಿ.

ಆ ದಿನ ನನಗೇ ನೆನಪಿದೆ. ಟೆಂಪೋ ನಮ್ಮ ಓಣಿಯ ಮುಂದೆಯೇ ಹಾಯ್ದು ಹೋಯಿತು. ಕಾಕಾ ಬಾಗಿಲ ಹಿಂದೆ ನಿಂತು ಅಗಳಿಯನ್ನು ಎರಡೂ ಕೈಯಿಂದ ಹಿಡಿದಿದ್ದ. ಆಯಿ, "ಒಂದು ಹಿಡಿ ಮಣ್ಣರ ಹಾಕಿ ಬಾರೋ" ಎಂದಳು. ಕಾಕಾ ಹೋಗಲಿಲ್ಲ. ಭಂಡಾರ ತಪ್ಪಿದವನು ಹೆಣದ ಮುಂದೆ ನಿಂತರೆ ಸತ್ತವನಿಗೆ ದಾರಿ ಸಿಗುವುದಿಲ್ಲ, ಕೂಡಿ ಆಣೆ ಮಾಡಿದವರ ಹೊಸ್ತಿಲು ತುಳಿದರೆ ಆ ಮನೆಗೆ ಕೇಡು ಎಂಬ ಮಾತು ನಮ್ಮಲ್ಲಿ ಇತ್ತು. ಅದನ್ನು ಕಾಕಾ ಗಟ್ಟಿಯಾಗಿ ನಂಬಿದ್ದ. ಧಾರವಾಡದಲ್ಲಿ ಓದಿದ್ದೆಲ್ಲ ಯಾವ ಮೂಲೆಗೆ ಹೋಗಿತ್ತೋ. ನಿಂಗಪ್ಪನ ಹೆಂಡತಿ ಬಸವ್ವ ಹಿಂದಿನ ಓಣಿಯಲ್ಲೇ ಇದ್ದಳು. ಹೊಸ್ತಿಲು ತುಳಿಯುವುದು ಹೋಗಲಿ, ಅವಳು ನೀರಿಗೆ ಹೋಗುವ ಹೊತ್ತಿಗೆ ಕಾಕಾ ಕಿಟಕಿಯನ್ನೇ ಮುಚ್ಚಿಬಿಡುತ್ತಿದ್ದ.

ನಾನು ಹೇಳಬೇಕೆಂದಿರುವುದು ಅದರ ಮುಂದಿನ ವರ್ಷದ ದಸರೆಯನ್ನು. ದೇವರ ಮುಂದೆ ಘಟ್ಟ ಹಾಕಿ ಆಗಿತ್ತು. ಮಣ್ಣಿನಲ್ಲಿ ಬಿತ್ತಿದ ಕಾಳು ಬೆರಳುದ್ದ ಮೊಳೆತಿದ್ದವು. ಶೇಂಗಾ ಹೋಳಿಗೆಗೆ ಬೆಲ್ಲ ಕುಟ್ಟುವ ಸದ್ದು, ಸಂಜೆ, ಮತ್ತೆ ಕರೆಂಟಿಲ್ಲ. ಕಾಕಾ ಮತ್ತೆ ಅದೇ ಕಥೆಗೆ ಬಂದ. ಅವರನ್ನೆಲ್ಲ ಕೊಂದದ್ದು ಇದೇ ದಿನಮಾನದಲ್ಲಿ ಎಂದ. ಮತ್ತೆ, "ಬದುಕಿದ" ಎಂದು ನಿಲ್ಲಿಸಿದ. ನನಗೆ ಸಿಟ್ಟು ಬಂತು.

"ಕಾಕಾ, ಅಂವ ಅವರ ಮನಿಗೆ ಹೋದ್ನಿಲ್ಲೋ?"

"ಯಾರ ಮನಿಗೆ?"

"ಗಲ್ಲಿಗೆ ಹಾಕಿದ್ರಲ್ಲ, ಅವರ ಮನಿಗೆ. ಅವರಿಗೆ ಹೆಂಡರು ಮಕ್ಕಳು ಇರಲಿಲ್ಲೇನು?"

ಕಾಕಾ ಕಂದೀಲಿನ ಬತ್ತಿ ಇಳಿಸಿದ. "ನಾ ಓದಿದ ಪುಸ್ತಕದಾಗ ಅದು ಇರಲಿಲ್ಲ" ಎಂದ.

"ಅವರ ದೇಶದಾಗ ಬನ್ನಿ ಕೊಡೂದು ಐತೇನು?"

"ಇಲ್ಲವಾ."

"ಹಂಗಾರ ಪಾಪ, ಅವಗ ಹೋಗಾಕ ಒಂದು ನೆವಾನ ಸಿಗಲಿಲ್ಲ."

ನಾನು ಅದನ್ನು ಜಾಣತನಕ್ಕೆ ಹೇಳಲಿಲ್ಲ. ನಿಜಕ್ಕೂ ಆ ಜನರಲ್ ಬಗ್ಗೆ ಮರುಕ ಹುಟ್ಟಿತ್ತು. ಬನ್ನಿ ಕೊಟ್ಟು ಬೆಳೆದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ವರ್ಷವಿಡೀ ಮಾತು ಬಿಟ್ಟವರು, ಬದುವಿನ ಜಗಳ ಮಾಡಿದವರು, ದಸರೆಯ ಸಂಜೆ ಬನ್ನಿ ಗಿಡದ ನಾಲ್ಕು ಎಲೆ ಹಿಡಿದು ಬಾಗಿಲಿಗೆ ಬಂದರೆ ಬೇಡ ಎನ್ನುವಂತಿಲ್ಲ. ಕಿರಿಯರು ಹಿರಿಯರ ಕಾಲಿಗೆ ಬೀಳುವುದು, ಇಬ್ಬರೂ "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎನ್ನುವುದು, ಮುಗಿಯಿತು. ಯಾರು ಸರಿ, ಯಾರು ತಪ್ಪು ಎಂದು ಅವತ್ತು ಯಾರೂ ಕೇಳುವುದಿಲ್ಲ. ಕಾಕಾ ಎದ್ದು ಕೋಣೆಯೊಳಗೆ ಹೋದ. ಊಟಕ್ಕೂ ಬರಲಿಲ್ಲ.

ದಸರೆಯ ದಿನ ಅಪ್ಪ ಬನ್ನಿ ಮುಡಿದು ತಂದ. ಊರಿಗೆ ಊರೇ ಹೊಸ ಬಟ್ಟೆಯಲ್ಲಿ ಓಣಿಗಿಳಿದಿತ್ತು. ನಾನು ಲಂಗದ ತುಂಬ ಎಲೆ ಕಟ್ಟಿಕೊಂಡು ಹೊರಟಾಗ ಕಾಕಾ ಕಿಟಕಿಯಿಂದ ಕರೆದ. ಅವನ ಕೈಯಲ್ಲಿ ಒಂದು ಎಸಳು ಬನ್ನಿ ಇತ್ತು.

"ಸುಮಿ, ಇದನ್ನ ಬಸವ್ವಕ್ಕಗ ಕೊಡು. ನಾ ಕೊಟ್ಟೀನಿ ಅಂತ ಹೇಳು. ತಗೊಳ್ಳಿಲ್ಲಂದ್ರ ಅಲ್ಲೇ ಎಲ್ಲೆರ ಇಟ್ಟು ಬಾ."

ಬಸವ್ವ ಅಂಗಳದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಅವರ ಮನೆಯಲ್ಲಿ ಆ ವರ್ಷವೂ ಹಬ್ಬವಿರಲಿಲ್ಲ. ನಾನು ನನ್ನ ಬನ್ನಿ ಕೊಟ್ಟು ಕಾಲಿಗೆ ಬಿದ್ದೆ. ಗಲ್ಲ ಸವರಿದಳು. ಆಮೇಲೆ ಇನ್ನೊಂದು ಎಸಳು ಚಾಚಿ, "ಇದು ನಮ್ಮ ಫಕೀರಪ್ಪ ಕಾಕಾ ಕೊಟ್ಟಾನ" ಎಂದೆ. ಅವಳ ಕೈ ಮೊರದ ಮೇಲೆ ನಿಂತಿತು. ನಾನು ಓಡಲು ತಯಾರಾಗಿದ್ದೆ.

"ಬನ್ನಿ ಕೊಟ್ಟು ಕಳಸೂದಲ್ಲ ತಂಗಿ, ಕೈಲೆ ಕೊಡೂದು" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಬಂದು ಕೊಡಂತ ಹೇಳು ನಿಮ್ಮ ಕಾಕಾಗ. ಕುಂತೀನಿ."

ನಾನು ಉಸಿರು ಬಿಡದೆ ಓಡಿ ಬಂದು ಹೇಳಿದೆ. ಕಾಕಾ, ಆಯಿ, ಅಪ್ಪ ಮೂವರೂ ಕೇಳಿದರು. ಕಾಕಾ ಹೊಸ್ತಿಲ ಕಡೆ ನೋಡುತ್ತ, "ಆ ಮನಿಗೆ ಕೇಡಾದ್ರ?" ಎಂದ.

"ಇನ್ನೇನು ಕೇಡು ಉಳದೈತೋ ಅಕಿಗೆ" ಎಂದಳು ಆಯಿ. "ಕರದಾಳ. ಹೋಗು."

ಕಾಕಾ ಅಂಗಿ ಹಾಕಿಕೊಂಡ. ಚಪ್ಪಲಿ ಹುಡುಕಿದರೆ ಸಿಗಲೇ ಇಲ್ಲ. ಅವನಿಗೆ ಚಪ್ಪಲಿಯೇ ಇರಲಿಲ್ಲ ಎಂಬುದು ನಮಗೆಲ್ಲ ಅವತ್ತು ಗೊತ್ತಾಯಿತು. ಅಪ್ಪನದನ್ನೇ ಮೆಟ್ಟಿಕೊಂಡು, ನನ್ನ ಕೈ ಹಿಡಿದುಕೊಂಡು ಓಣಿಗಿಳಿದ. ಬನ್ನಿ ಕೊಡುತ್ತಿದ್ದ ಮಂದಿ ಮಾತು ನಿಲ್ಲಿಸಿದರು. ಒಬ್ಬ ಮುದುಕ ಹಮಾಲ ಮುಖ ತಿರುಗಿಸಿದ. ನಾನು ಚೀಲದ ರಾಶಿಯ ಮೇಲಿನ ಸೇನಾಪತಿಯಲ್ಲವೇ, ಎಲ್ಲರನ್ನೂ ದುರುಗುಟ್ಟಿ ನೋಡುತ್ತ ನಡೆದೆ.

ಬಸವ್ವ ಎದ್ದು ನಿಂತಿದ್ದಳು. ಸೆರಗು ಹೊದ್ದುಕೊಂಡು, "ಬರ್ರಿ ಅಣ್ಣಾರ" ಎಂದಳು. ಕಾಕಾ ಹೊಸ್ತಿಲ ಈಚೆಗೇ ನಿಂತ. ವಯಸ್ಸಿನಲ್ಲಿ ದೊಡ್ಡವನಾದರೂ ಬಗ್ಗಿ ಅವಳ ಕಾಲು ಮುಟ್ಟಲು ಹೋದ. ಅವಳು ಸರಕ್ಕನೆ ಹಿಂದೆ ಸರಿದಳು.

"ಅದೆಲ್ಲ ಬ್ಯಾಡ್ರಿ. ನೀವು ಹಂಗ ಮಾಡಿದ್ರಿ, ಹಿಂಗ ಮಾಡಿದ್ರಿ ಅಂತ ಕೇಳಾಕ ನಾ ಕರದಿಲ್ಲ. ಒಂದು ಮಾತು ಹೇಳೂದಿತ್ತು. ಯಾರ ಕೈಲೆ ಹೇಳಿ ಕಳಸಬೇಕು ತಿಳೀಲಿಲ್ಲ."

ಕಾಕಾ ತಲೆ ಎತ್ತಲಿಲ್ಲ.

"ನಮ್ಮವರು ಗೋವಾದಿಂದ ಬಂದಾಗೊಮ್ಮೆ ಮೊದಲ ಕೇಳತಿದ್ದುದು ನಿಮ್ಮನ್ನ. ಫಕೀರಪ್ಪ ಬಂದಿದ್ನೇನು, ಅಂತ. ಇಲ್ಲರಿ ಅಂತಿದ್ದೆ. ನೀವ ಹೋಗಿ ಬರ್ರಿ ಅಂದ್ರ, ನಾ ಹೋದ್ರ ಅವಗ ನಾಚಿಕಿ ಆಕ್ಕೈತಿ, ತಾನ ಬರ್ತಾನ ತಡಿ ಅಂತಿದ್ರು. ದಸರಿಗೆ ಬಂದಾಗ ಹೊತ್ತು ಮುಳುಗೂತನಕ ಇಲ್ಲೇ ಕುಂತಿರತಿದ್ರು, ಬನ್ನಿ ಹಿಡಕೊಂಡು. ಮಂದಿ ಬಂದು ಹೋದ್ರೂ ಏಳತಿರಲಿಲ್ಲ."

ಅವಳು ಅಂಗಳದ ಕಟ್ಟೆಯತ್ತ ಕೈ ಮಾಡಿ ತೋರಿಸಿದಳು. ಕಾಕಾ ಅಲ್ಲಿ ನೋಡಿದ. ನಾನೂ ನೋಡಿದೆ. ಬರೀ ಕಟ್ಟೆ, ಸಗಣಿ ಸಾರಿಸಿದ್ದು. ಅಷ್ಟು ದಿನ ಸತ್ತವರ ಹೆಸರು ಕೇಳಿ ಹೆದರಿದ್ದ ನನಗೆ, ಯಾರೂ ಇಲ್ಲದ ಆ ಕಟ್ಟೆಯನ್ನು ನೋಡಿ ಆದಷ್ಟು ಸಂಕಟ ಎಂದೂ ಆಗಿರಲಿಲ್ಲ.

"ಸಿಟ್ಟ ಇರಲಿಲ್ಲೇನು ಅವಗ?" ಕಾಕಾನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ.

"ಇತ್ತು. ಮೊದಲನೇ ವರ್ಷ ಇತ್ತು" ಎಂದಳು ಬಸವ್ವ. "ಆಮೇಲೆ ನಿಮ್ಮ ದಾರಿ ನೋಡೂದ ಇತ್ತು." ಕೈ ಚಾಚಿ ಬನ್ನಿ ತೆಗೆದುಕೊಂಡಳು. ಬಂಗಾರದಂಗ ಇರೂಣು ಎಂದಳು. ಆ ಮಾತು ತಿರುಗಿ ಹೇಳಲು ಕಾಕಾನ ಬಾಯಿಂದ ಆಗಲಿಲ್ಲ. ಅವನ ಪರವಾಗಿ ನಾನೇ ಹೇಳಿದೆ.

ಅಲ್ಲಿಂದ ಮುಂದೆ ಕಾಕಾ ಹೊರಗೆ ಓಡಾಡತೊಡಗಿದ. ಒಬ್ಬೊಬ್ಬರೇ ಮಾತಾಡಿಸಿದರು. ಬಸವ್ವನ ಮಗನ ಮದುವೆಯಲ್ಲಿ ಪಂಕ್ತಿಯಲ್ಲಿ ಕೂತು ಉಂಡ. ಚೀಲವೂ ಅರ್ಧಕ್ಕಿಳಿಯಿತು, ಯಾರ ಹೋರಾಟದಿಂದ ಎಂದು ಈಗ ಪೇಟೆಯಲ್ಲಿ ಯಾರಿಗೂ ಗೊತ್ತಿಲ್ಲ. ಆದರೆ ಜನರಲ್‌ನ ಕಥೆ ಮಾತ್ರ ಅವನು ಮತ್ತೆ ಎಂದೂ ಹೇಳಲಿಲ್ಲ. ದೊಡ್ಡವಳಾದ ಮೇಲೆ ನಾನು ಆ ಜನರಲ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ದ್ರೋಹಿಯೋ ಅಲ್ಲವೋ ಎಂದು ಇನ್ನೂ ವಾದ ಮಾಡುತ್ತಾರೆ. ನಾನು ಹುಡುಕುವುದು ಅದನ್ನಲ್ಲ. ಆ ಹದಿಮೂರು ಮನೆಗಳಲ್ಲಿ ಯಾವುದಾದರೂ ಒಂದರ ಬಾಗಿಲಿಗೆ ಅವನು ಹೋದನೇ, ಯಾರಾದರೂ ಅವನ ದಾರಿ ನೋಡುತ್ತಿದ್ದರೇ ಎಂಬುದು ನನಗೆ ಇನ್ನೂ ಎಲ್ಲಿಯೂ ಸಿಕ್ಕಿಲ್ಲ.

ಕಾಕಾನೂ ಬಹಳ ವರ್ಷ ಬದುಕಿದ. ಬಸವ್ವ ಹೋದಳು, ಅವನೂ ಹೋದ. ಹಿಂದಿನ ಓಣಿಯಲ್ಲಿ ಆ ಮನೆ ಇದ್ದಲ್ಲಿ ಈಗ ಗೊಬ್ಬರದ ಅಂಗಡಿ ಇದೆ. ಕೊನೆಗಾಲದಲ್ಲಿ ಅವನಿಗೆ ಕಣ್ಣು ಮಂಜಾಗಿತ್ತು, ಒಂದು ದಿನ ನಾನು ಪಕ್ಕದಲ್ಲಿ ಕೂತಿದ್ದಾಗ ತಾನಾಗಿಯೇ ಲೆಕ್ಕ ಹಾಕುವವನ ಹಾಗೆ ಹೇಳಿದ: "ನಮ್ಮ ಮನಿಯಿಂದ ನಿಂಗನ ಮನಿಗೆ ಒಂದು ಬೀಡಿ ಸೇದೂದರಾಗ ಹೋಗಬಹುದಿತ್ತವಾ."